ಬೆಳಕಿಗೆ ಒಡ್ಡಿದ ಬೋಗುಣಿ

ದೂರದರ್ಶಕವನ್ನು ಮೊದಲ ಸಲ ಕಂಡವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಇದರಲ್ಲಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ?’ ಮಾರುವವರೂ ಡಬ್ಬಿಯ ಮೇಲೆ ಅದನ್ನೇ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಿರುತ್ತಾರೆ: ಮುನ್ನೂರು ಪಟ್ಟು, ಐನೂರು ಪಟ್ಟು ಎಂದು. ಆದರೆ ಯಾವುದಾದರೊಂದು ವೀಕ್ಷಣಾಲಯಕ್ಕೆ ಹೋಗಿ ಅಲ್ಲಿಯ ವಿಜ್ಞಾನಿಯನ್ನು ಮಾತನಾಡಿಸಿ ನೋಡಿರಿ. ಆತ ಈ ಪಟ್ಟಿನ ಲೆಕ್ಕವನ್ನು ಎತ್ತುವುದೇ ಇಲ್ಲ. ‘ಇದು ಒಂದು ಮೀಟರಿನದು, ಅದು ಎರಡು ಮೀಟರಿನದು’ ಎನ್ನುತ್ತಾನೆ. ಕೊಳವೆಯ ಉದ್ದವೇ? ಅಲ್ಲ, ಬಾಯಿಯ ಅಗಲ. ದೂರದರ್ಶಕದ ಯೋಗ್ಯತೆಯೆಲ್ಲ ಇರುವುದು ಅದರ ಬಾಯಿಯ ಅಗಲದಲ್ಲಿ. ಏಕೆ ಹಾಗೆ ಎಂಬುದನ್ನು ತಿಳಿದುಕೊಂಡರೆ ಈ ಉಪಕರಣದ ಗುಟ್ಟು ಮುಕ್ಕಾಲು ಪಾಲು ತಿಳಿದ ಹಾಗೆಯೇ.

ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟವನ್ನೂ ಒಂದು ದೊಡ್ಡ ಬೋಗುಣಿಯನ್ನೂ ಇಡಿರಿ. ಎರಡರ ಮೇಲೂ ಬೀಳುವುದು ಒಂದೇ ಮಳೆ. ಆದರೂ ಲೋಟದಲ್ಲಿ ಒಂದು ಗುಟುಕು ನೀರು ನಿಲ್ಲುವ ಹೊತ್ತಿಗೆ ಬೋಗುಣಿಯಲ್ಲಿ ಕೈಕಾಲು ತೊಳೆಯುವಷ್ಟು ನೀರು ಸೇರಿರುತ್ತದೆ. ನಕ್ಷತ್ರಗಳ ಬೆಳಕೂ ನಮ್ಮ ಮೇಲೆ ಹೀಗೆ ಸುರಿಯುತ್ತಲೇ ಇದೆ. ಅದಕ್ಕೆ ನಾವು ಒಡ್ಡುವ ಪಾತ್ರೆ ಯಾವುದು? ಕಣ್ಣಿನ ಪಾಪೆ. ಕಗ್ಗತ್ತಲಿನಲ್ಲಿ ಪೂರಾ ಅರಳಿದಾಗಲೂ ಅದರ ಅಗಲ ಸುಮಾರು 7 ಮಿಲಿಮೀಟರು, ಒಂದು ಕಡಲೆಕಾಳಿನಷ್ಟು. ಅಷ್ಟು ಕಿರಿದಾದ ಬಾಯಿಯೊಳಗೆ ಬಿದ್ದ ಬೆಳಕಿನಿಂದಲೇ ನಾವು ಆಕಾಶದ ವೈಭವವನ್ನೆಲ್ಲ ಕಾಣುತ್ತೇವೆ. ಉಳಿದುದು ನಮ್ಮ ಹಣೆಯ ಮೇಲೆ, ಮನೆಯ ಹಂಚಿನ ಮೇಲೆ, ಬೀದಿಯ ಧೂಳಿನ ಮೇಲೆ ಬಿದ್ದು ಹೋಗುತ್ತದೆ.

ಈಗ 50 ಮಿಲಿಮೀಟರು ಅಗಲದ ಗಾಜಿರುವ ಸಾಧಾರಣ ದುರ್ಬೀನನ್ನು ಕಣ್ಣಿಗೆ ಹಿಡಿಯಿರಿ. ಅಗಲ ಏಳು ಪಟ್ಟು ಹೆಚ್ಚಿತು. ಆದರೆ ಬೆಳಕು ಬೀಳುವುದು ಅಗಲದ ಲೆಕ್ಕದಲ್ಲಲ್ಲ, ವಿಸ್ತಾರದ ಲೆಕ್ಕದಲ್ಲಿ. ಆದುದರಿಂದ ಒಂದೊಂದು ಕಣ್ಣಿಗೂ ಸುಮಾರು ಐವತ್ತು ಪಟ್ಟು ಬೆಳಕು ಸಿಕ್ಕಿದಂತಾಯಿತು. ತಮಿಳುನಾಡಿನ ಕಾವಲೂರಿನಲ್ಲಿರುವ ದೊಡ್ಡ ದೂರದರ್ಶಕದ ಕನ್ನಡಿಯ ಅಗಲ 2.34 ಮೀಟರು. ಅದು ಕೂಡಿಸುವ ಬೆಳಕು ನಮ್ಮ ಒಂದು ಕಣ್ಣಿಗೆ ಬೀಳುವುದರ ಒಂದು ಲಕ್ಷ ಪಟ್ಟಿಗೂ ಮೀರಿದ್ದು. ಲಕ್ಷ ಮಂದಿಯ ಕಣ್ಣುಗಳನ್ನು ಸಾಲ ತಂದು ಒಂದೇ ಕಣ್ಣಿನಲ್ಲಿ ಕೂರಿಸಿದಂತೆ!

‘ದೂರದರ್ಶನ’ ಎಂಬ ಹೆಸರನ್ನು ಟೆಲಿವಿಷನ್ನು ತೆಗೆದುಕೊಂಡು ಹೋದುದರಿಂದ ನಮ್ಮ ಉಪಕರಣಕ್ಕೆ ‘ದೂರದರ್ಶಕ’ ಎಂಬುದೇ ಉಳಿದಿದೆ. ನನ್ನನ್ನು ಕೇಳಿದರೆ ಅದೂ ಅಷ್ಟೇನೂ ಒಪ್ಪುವ ಹೆಸರಲ್ಲ. ದೂರವನ್ನು ನೋಡಲು ನಮಗೆ ಉಪಕರಣವೇ ಬೇಕಿಲ್ಲ. ಲಕ್ಷಾಂತರ ಜ್ಯೋತಿರ್ವರ್ಷಗಳಾಚೆಯ ವಸ್ತುವೊಂದು ನಮ್ಮ ಬರಿಗಣ್ಣಿಗೇ ಕಾಣುತ್ತದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ನಮಗೆ ಅಡ್ಡವಾಗಿರುವುದು ದೂರಕ್ಕಿಂತ ಹೆಚ್ಚಾಗಿ ಬೆಳಕಿನ ಬಡತನ.

ಕೂಡಿಸಿದ ಬೆಳಕನ್ನು ಏನು ಮಾಡಬೇಕು? ಅದನ್ನು ಒಂದೆಡೆಗೆ ತರಬೇಕು. ಮನೆಯಲ್ಲಿ ಅಜ್ಜ ಪಂಚಾಂಗ ಓದಲು ಇಟ್ಟುಕೊಂಡ ಭೂತಗನ್ನಡಿ ಇದ್ದರೆ ಹಗಲು ಹೊತ್ತು ಒಂದು ಪ್ರಯೋಗ ಮಾಡಿರಿ. ಕೋಣೆಯ ಎಲ್ಲ ಕಿಟಕಿಗಳನ್ನೂ ಮುಚ್ಚಿ ಒಂದನ್ನು ಮಾತ್ರ ತೆರೆದಿಡಿರಿ. ಅದರ ಎದುರು ಗೋಡೆಯ ಹತ್ತಿರ ಗಾಜನ್ನು ಹಿಡಿದು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಸರಿಸಿರಿ. ಒಂದು ಜಾಗದಲ್ಲಿ ಕಿಟಕಿಯೂ ಅದರಾಚೆಯ ತೆಂಗಿನ ಮರವೂ ಪುಟ್ಟದಾಗಿ, ತಲೆಕೆಳಗಾಗಿ, ಬಣ್ಣ ಬಣ್ಣವಾಗಿ ಗೋಡೆಯ ಮೇಲೆ ಮೂಡುತ್ತವೆ. ದೂರದರ್ಶಕದ ಮುಂದಿನ ಮಸೂರ ಮಾಡುವುದು ಇಷ್ಟೇ. ಹೀಗೆ ಮೂಡಿದ ಬಿಂಬವನ್ನು ಹಿಂದಿನಿಂದ ಮತ್ತೊಂದು ಪುಟ್ಟ ಮಸೂರದಲ್ಲಿ ಹಿಗ್ಗಿಸಿ ನೋಡುತ್ತೇವೆ. ಈ ಪುಟ್ಟ ಮಸೂರವನ್ನು ಬದಲಾಯಿಸಿದರೆ ಇಪ್ಪತ್ತು ಪಟ್ಟೋ ಇನ್ನೂರು ಪಟ್ಟೋ ನಮಗೆ ಬೇಕಾದಂತೆ ಮಾಡಿಕೊಳ್ಳಬಹುದು. ಆದರೆ ಕೂಡಿರುವ ಬೆಳಕು ಅಷ್ಟೇ ಅಲ್ಲವೆ? ಹಿಗ್ಗಿಸಿದಷ್ಟೂ ಬಿಂಬ ಮಂಕಾಗುತ್ತದೆ, ಕಲಸಿಹೋಗುತ್ತದೆ. ಒಂದು ಸೇರು ಮಜ್ಜಿಗೆಗೆ ನೀರು ಹೊಯ್ದು ಹೊಯ್ದು ಮದುವೆಯ ಪಂಕ್ತಿಗೆಲ್ಲ ಬಡಿಸಿದ ಹಾಗೆ. ಡಬ್ಬಿಯ ಮೇಲಿನ ‘ಐನೂರು ಪಟ್ಟು’ ಎಂಬುದು ಬಹುಮಟ್ಟಿಗೆ ಈ ನೀರುಮಜ್ಜಿಗೆಯೇ.

1609ರಲ್ಲಿ ಇಟಲಿಯ ಗೆಲಿಲಿಯೋ ತಾನೇ ಗಾಜು ಉಜ್ಜಿ ಕೊಳವೆ ಕಟ್ಟಿಕೊಂಡು ಆಕಾಶದ ಕಡೆ ತಿರುಗಿಸಿದ. ಅವನದು ಸುಮಾರು ಇಪ್ಪತ್ತು ಪಟ್ಟಿನ ದೂರದರ್ಶಕ. ಇಂದು ಶಾಲಾ ಬಾಲಕನ ಕೈಗೆ ಸಿಗುವ ಉಪಕರಣಕ್ಕೂ ಸಾಟಿಯಲ್ಲ. ಆದರೂ ಚಂದ್ರನಲ್ಲಿ ಬೆಟ್ಟಗಳು ಕಂಡವು. 1610ರ ಜನವರಿ 7ರಂದು ಗುರುಗ್ರಹದ ಪಕ್ಕದಲ್ಲಿ ಸಾಲಾಗಿ ನಿಂತ ಸಣ್ಣ ಚುಕ್ಕೆಗಳು ಕಂಡವು. ದಿನದಿನಕ್ಕೆ ಅವು ಜಾಗ ಬದಲಿಸಿದವು. ಭೂಮಿಯನ್ನು ಬಿಟ್ಟು ಬೇರೊಂದರ ಸುತ್ತ ತಿರುಗುವ ವಸ್ತುಗಳೂ ಉಂಟು ಎಂದು ಮನುಷ್ಯ ಕಣ್ಣಾರೆ ಕಂಡುದು ಅದೇ ಮೊದಲು.

ಬಾಯಿ ಅಗಲವಾಗಬೇಕೆಂದರೆ ಗಾಜನ್ನು ಅಗಲ ಮಾಡಬೇಕು. ಇಲ್ಲಿ ತೊಡಕು ಬಂದಿತು. ಗಾಜಿನ ಮೂಲಕ ಹಾಯುವ ಬೆಳಕು ಬಣ್ಣಬಣ್ಣವಾಗಿ ಒಡೆಯುತ್ತದೆ. ನಕ್ಷತ್ರದ ಸುತ್ತ ಕಾಮನಬಿಲ್ಲಿನ ಅಂಚು ಕಟ್ಟುತ್ತದೆ. ಅದನ್ನು ತಿದ್ದುವ ಉಪಾಯ ಮುಂದೆ ದೊರೆತರೂ ತೂಕದ ಕಷ್ಟ ತಪ್ಪಲಿಲ್ಲ. ಮಸೂರವನ್ನು ಹಿಡಿದಿಡುವುದು ಅಂಚಿನಲ್ಲಿ ಮಾತ್ರ. ದೊಡ್ಡದಾದರೆ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. 1897ರಲ್ಲಿ ಅಮೆರಿಕದ ಯರ್ಕ್ಸ್ ವೀಕ್ಷಣಾಲಯದಲ್ಲಿ ಕೂರಿಸಿದ 40 ಅಂಗುಲದ ಮಸೂರವನ್ನು ಮೀರಿಸಿದ ಮಸೂರ ನಕ್ಷತ್ರ ವೀಕ್ಷಣೆಯ ಕೆಲಸಕ್ಕೆ ಬರಲೇ ಇಲ್ಲ. ಇದಕ್ಕೆ ಪರಿಹಾರವನ್ನು ನ್ಯೂಟನ್ 1668ರಷ್ಟು ಹಿಂದೆಯೇ ತೋರಿಸಿದ್ದ: ಗಾಜನ್ನು ಬಿಡಿ, ಒಳಕ್ಕೆ ಬಗ್ಗಿದ ಕನ್ನಡಿಯನ್ನು ಹಿಡಿಯಿರಿ. ಕನ್ನಡಿ ಬೆಳಕನ್ನು ಹಿಂದಕ್ಕೆ ಮರಳಿಸಿ ಒಂದೆಡೆ ಕೂಡಿಸುತ್ತದೆ, ಬಣ್ಣ ಒಡೆಯುವುದಿಲ್ಲ. ಬೆನ್ನಿಗೆ ಎಷ್ಟು ಊರುಗೋಲು ಬೇಕಾದರೂ ಕೊಡಬಹುದು. ಇಂದಿನ ದೊಡ್ಡ ದೂರದರ್ಶಕಗಳೆಲ್ಲ ಕನ್ನಡಿಯವು. ಆಕಾಶಕ್ಕೆ ಒಡ್ಡಿದ ಬೋಗುಣಿ ಎಂದು ನಾನು ಹೇಳಿದ್ದು ಬರಿಯ ಉಪಮಾನವಲ್ಲ; ಅದರ ಆಕಾರವೂ ಹಾಗೆಯೇ.

ಕನ್ನಡಿ ಉಜ್ಜುವುದೆಂದರೆ ತಪಸ್ಸು. ಮೇಲ್ಮೈ ಎಲ್ಲಿಯೂ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನಷ್ಟೂ ತಪ್ಪಿರಕೂಡದು. ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ವಿಲಿಯಂ ಹರ್ಷೆಲ್ ಎಂಬ ಸಂಗೀತದ ಮೇಷ್ಟರೊಬ್ಬರಿದ್ದರು. ಹೊಟ್ಟೆಪಾಡಿಗೆ ಚರ್ಚಿನಲ್ಲಿ ಆರ್ಗನ್ ನುಡಿಸುವುದು, ಶಿಷ್ಯರಿಗೆ ಪಾಠ ಹೇಳುವುದು. ಉಳಿದ ಹೊತ್ತಿನಲ್ಲಿ ತಾಮ್ರ ತವರ ಬೆರೆಸಿ ಎರಕ ಹೊಯ್ದು ಕನ್ನಡಿ ಉಜ್ಜುವುದು. ನಡುವೆ ಕೈ ಎತ್ತುವಂತಿಲ್ಲ. ಒಮ್ಮೆ ಹದಿನಾರು ಗಂಟೆ ಹೀಗೆಯೇ ಕುಳಿತಿದ್ದರೆಂದೂ ತಾನು ಪಕ್ಕದಲ್ಲಿ ನಿಂತು ತುತ್ತು ತುತ್ತಾಗಿ ಬಾಯಿಗೆ ಊಟ ಹಾಕಿದೆನೆಂದೂ ತಂಗಿ ಕ್ಯಾರೊಲಿನ್ ಬರೆದಿಟ್ಟಿದ್ದಾಳೆ. ಅವಳೂ ಮುಂದೆ ಹಲವು ಧೂಮಕೇತುಗಳನ್ನು ಕಂಡುಹಿಡಿದಳು. ಅಣ್ಣನಿಗೆ ಅನ್ನ ತಿನ್ನಿಸಿದ್ದಕ್ಕೆ ಮಾತ್ರ ನೆನೆಯಬೇಕಾದವಳಲ್ಲ. 1781ರ ಮಾರ್ಚ್ 13ರ ರಾತ್ರಿ ಹರ್ಷೆಲರು ಆರು ಅಂಗುಲಕ್ಕಿಂತ ಸ್ವಲ್ಪ ದೊಡ್ಡದಾದ ತಮ್ಮದೇ ಕನ್ನಡಿಯಲ್ಲಿ ನೋಡುತ್ತಿದ್ದಾಗ ನಕ್ಷತ್ರಗಳ ನಡುವೆ ಒಂದು ಮಾತ್ರ ಚುಕ್ಕೆಯಾಗಿರದೆ ಬಿಲ್ಲೆಯಾಗಿ ಕಂಡಿತು. ಧೂಮಕೇತು ಎಂದುಕೊಂಡರು. ಅದು ಯುರೇನಸ್ ಗ್ರಹ. ಬರಿಗಣ್ಣಿನ ಕಾಲದಿಂದ ಬಂದ ಗ್ರಹಗಳ ಪಟ್ಟಿಗೆ ಸೇರಿದ ಮೊದಲ ಹೊಸ ಹೆಸರು. ಈ ಯುರೇನಸ್ಸನ್ನು ನೆನಪಿಡಿರಿ. ನಮ್ಮವರೇ ಅದನ್ನು ಮತ್ತೆ ಹಿಡಿಯಲಿದ್ದಾರೆ.

ನಮ್ಮ ಕಣ್ಣಿಗೆ ಇನ್ನೊಂದು ಕೊರತೆ ಉಂಟು. ಅದಕ್ಕೆ ಕೂಡಿಡುವುದು ಗೊತ್ತಿಲ್ಲ. ಒಂದು ನೋಟದಲ್ಲಿ ಕಂಡದ್ದೇ ಕಂಡದ್ದು. ಗಂಟೆಗಟ್ಟಲೆ ದಿಟ್ಟಿಸಿದರೂ ಮಂಕಾದ ನಕ್ಷತ್ರ ಹೊಳಪಾಗುವುದಿಲ್ಲ. ಛಾಯಾಚಿತ್ರದ ಫಲಕ ಹಾಗಲ್ಲ. ಬಿದ್ದ ಬೆಳಕನ್ನು ಹನಿ ಹನಿಯಾಗಿ ಇಡೀ ರಾತ್ರಿ ಕೂಡಿಸುತ್ತದೆ. ಇಂದು ಅದರ ಜಾಗದಲ್ಲಿ ಎಲೆಕ್ಟ್ರಾನಿಕ್ ಬಿಲ್ಲೆಗಳು ಬಂದಿವೆ. ಆದರೆ ಭೂಮಿ ತಿರುಗುತ್ತಿದೆಯಲ್ಲ, ನಕ್ಷತ್ರ ನಿಲ್ಲುವುದೆಲ್ಲಿ? ಆದುದರಿಂದ ದೂರದರ್ಶಕವನ್ನು ಭೂಮಿಯ ಅಕ್ಷಕ್ಕೆ ಸಮನಾದ ಒಂದು ಅಚ್ಚಿನ ಮೇಲೆ ಕೂರಿಸಿ, ಭೂಮಿ ತಿರುಗಿದಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ತಿರುಗಿಸುತ್ತಾರೆ. ಟನ್ನುಗಟ್ಟಲೆ ತೂಕದ ಯಂತ್ರ ಗಡಿಯಾರದ ಮುಳ್ಳಿನಂತೆ ಸದ್ದಿಲ್ಲದೆ ಸರಿಯುತ್ತಿರುತ್ತದೆ.

ಹೀಗೆ ಅಗಲವೂ ಕೂಡಿಡುವ ಗುಣವೂ ಸೇರಿದಾಗ ಏನಾಯಿತೆಂಬುದಕ್ಕೆ ಒಂದೇ ಫಲಕದ ಕಥೆ ಸಾಕು. ಆಂಡ್ರೊಮೆಡಾ ಎಂಬ ನಕ್ಷತ್ರಪುಂಜದಲ್ಲಿ ಒಂದು ಮಂಜಿನ ತುಣುಕು ಕಾಣುತ್ತದೆ. ಇದು ನಮ್ಮ ಆಕಾಶಗಂಗೆಯೊಳಗಿನ ಮೋಡವೋ ಅಥವಾ ಆಚೆಯ ಬೇರೊಂದು ತಾರಾಲೋಕವೋ? 1920ರಲ್ಲಿ ಅಮೆರಿಕದ ವಿದ್ವಾಂಸರು ಎರಡು ಪಕ್ಷವಾಗಿ ವಾದಿಸಿದರು, ತೀರ್ಮಾನವಾಗಲಿಲ್ಲ. ವಾದದಿಂದ ತೀರುವ ವಿಷಯವೂ ಅದಲ್ಲ. 1923ರ ಅಕ್ಟೋಬರಿನಲ್ಲಿ ಲಾಸ್ ಏಂಜಲಿಸ್ ಬಳಿಯ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ಎಡ್ವಿನ್ ಹಬಲ್ ನೂರು ಅಂಗುಲದ ಕನ್ನಡಿಯಿಂದ ಆ ಮಂಜಿನ ಚಿತ್ರವೊಂದನ್ನು ತೆಗೆದ. ಹೊಸದಾಗಿ ಕಂಡ ಮೂರು ಚುಕ್ಕೆಗಳಿಗೆ, ಇದ್ದಕ್ಕಿದ್ದಂತೆ ಉರಿದೇಳುವ ‘ನೋವಾ’ ನಕ್ಷತ್ರಗಳಿರಬೇಕೆಂದು ಗುರುತು ಹಾಕಿದ. ಹಳೆಯ ಫಲಕಗಳೊಡನೆ ಹೋಲಿಸಿ ನೋಡಿದರೆ ಅವುಗಳಲ್ಲಿ ಒಂದು ನೋವಾ ಅಲ್ಲ! ಕಟ್ಟಳೆಯಂತೆ ಹೊಳಪು ಏರಿ ಇಳಿಯುವ ಸೆಫೀಡ್ ಜಾತಿಯ ನಕ್ಷತ್ರ. ಫಲಕದ ಮೇಲಿನ ಹಳೆಯ ಗುರುತನ್ನು ಹೊಡೆದು ಹಾಕಿ ‘ಬದಲಾಗುವ ತಾರೆ’ ಎಂಬರ್ಥದ ಸಂಕ್ಷೇಪವನ್ನು ಬರೆದು ಪಕ್ಕದಲ್ಲಿ ಒಂದು ಆಶ್ಚರ್ಯ ಚಿಹ್ನೆಯನ್ನೂ ಹಾಕಿದ.

ಆಶ್ಚರ್ಯವೇಕೆ? ಹಾರ್ವರ್ಡ್ ವೀಕ್ಷಣಾಲಯದಲ್ಲಿ ಫಲಕಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದ ಹೆನ್ರಿಯೆಟಾ ಲೆವಿಟ್ ಎಂಬ ಮಹಿಳೆ 1912ರಲ್ಲಿ ಒಂದು ನಿಯಮವನ್ನು ಖಚಿತಪಡಿಸಿದ್ದಳು: ಸೆಫೀಡುಗಳಲ್ಲಿ ನಿಧಾನವಾಗಿ ಏರಿಳಿಯುವುವು ನಿಜವಾಗಿ ಹೆಚ್ಚು ಪ್ರಕಾಶವುಳ್ಳವು. ದೂರದ ದೀಪವೊಂದು ಅರವತ್ತು ಕ್ಯಾಂಡಲಿನ ಬಲ್ಬೆಂದು ಯಾರಾದರೂ ಹೇಳಿಬಿಟ್ಟರೆ, ಅದು ಎಷ್ಟು ಮಂಕಾಗಿ ಕಾಣುತ್ತಿದೆ ಎಂಬುದರಿಂದ ದೂರವನ್ನು ಎಣಿಸಬಹುದಲ್ಲವೆ? ಹಬಲ್ ಎಣಿಸಿದ. ಒಂಬತ್ತು ಲಕ್ಷ ಜ್ಯೋತಿರ್ವರ್ಷ ಬಂದಿತು. ಇಂದಿನ ಉತ್ತಮ ಅಳತೆಯಂತೆ ಅದು ಸುಮಾರು 25 ಲಕ್ಷ. ಹೇಗಾದರೂ ಆಕಾಶಗಂಗೆಯಿಂದ ಬಹಳ ಆಚೆ. ಒಂದೇ ಚುಕ್ಕೆಯಿಂದ ವಿಶ್ವದ ಬೇಲಿ ಮುರಿದುಬಿತ್ತು.

ಇದೇ ದೂರದರ್ಶಕದ ಬಾಳಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಬೆಟ್ಟದ ಕೆಳಗೆ ಲಾಸ್ ಏಂಜಲಿಸ್ ನಗರ ಬೆಳೆಯಿತು. ಬೀದಿ ದೀಪಗಳ ಬೆಳಕು ಆಕಾಶಕ್ಕೇರಿ ನಕ್ಷತ್ರಗಳನ್ನು ಮುಳುಗಿಸಿತು. ಎರಡನೆಯ ಮಹಾಯುದ್ಧ ಬಂದಾಗ ವೈಮಾನಿಕ ದಾಳಿಯ ಭಯದಿಂದ ನಗರದ ದೀಪಗಳನ್ನು ತಗ್ಗಿಸಿದರು. ವಾಲ್ಟರ್ ಬಾಡೆ ಎಂಬ ವಿಜ್ಞಾನಿ ಜರ್ಮನಿಯ ಪ್ರಜೆಯಾದುದರಿಂದ ಅವನನ್ನು ಯುದ್ಧದ ಕೆಲಸಕ್ಕೆ ಸೇರಿಸಿಕೊಂಡಿರಲಿಲ್ಲ. ಮಿಕ್ಕವರೆಲ್ಲ ಹೋಗಿದ್ದುದರಿಂದ ಆ ದೊಡ್ಡ ಕನ್ನಡಿ ಬಹಳ ಮಟ್ಟಿಗೆ ಅವನ ಪಾಲಿಗೇ ಬಿತ್ತು. 1943ರ ಆ ಕತ್ತಲ ರಾತ್ರಿಗಳಲ್ಲಿ ಅವನು ಆಂಡ್ರೊಮೆಡಾದ ನಡುವಿನ, ಅಲ್ಲಿಯವರೆಗೆ ಬರಿಯ ಬಿಳುಪಾಗಿ ಕಂಡಿದ್ದ ಭಾಗವನ್ನು ಬಿಡಿಬಿಡಿ ನಕ್ಷತ್ರಗಳಾಗಿ ಕಂಡ. ನಕ್ಷತ್ರಗಳಲ್ಲಿ ಎಳೆಯವು, ಮುದಿಯವು ಎಂಬ ಎರಡು ಸಂತತಿಗಳಿವೆ ಎಂಬ ದೊಡ್ಡ ಶೋಧನೆ ಅದರಿಂದ ಹೊರಟಿತು. ಕನ್ನಡಿ ಅದೇ, ಬೆಟ್ಟ ಅದೇ. ಕೆಳಗಿನ ದೀಪ ಮಾತ್ರ ತಗ್ಗಿತ್ತು.

ಕತ್ತಲು ಇಷ್ಟು ಬೆಲೆಯುಳ್ಳದ್ದೆಂದು ನಮ್ಮ ದೇಶದಲ್ಲಿ ಚೆನ್ನಾಗಿ ಬಲ್ಲವರು ಎಂ. ಕೆ. ವೈನು ಬಾಪು. 1960ರಲ್ಲಿ ಅವರು ಕೊಡೈಕೆನಾಲ್ ವೀಕ್ಷಣಾಲಯದ ಮುಖ್ಯಸ್ಥರಾದರು. ಅದು ಸೂರ್ಯನನ್ನು ನೋಡಲೆಂದು ಕಟ್ಟಿದ ಜಾಗ. ರಾತ್ರಿಯ ಕೆಲಸಕ್ಕೆ ಅಲ್ಲಿಯ ಮೋಡ ಬಿಡದು. ದಕ್ಷಿಣದ ಬೆಟ್ಟಗಳನ್ನೆಲ್ಲ ಹುಡುಕಿ ಅವರು ಆರಿಸಿದ್ದು ಜವ್ವಾದಿ ಬೆಟ್ಟಗಳ ಕಾಡಿನ ನಡುವಿನ ಕಾವಲೂರನ್ನು. 1968ರಲ್ಲಿ ತಮ್ಮವರೇ ತಯಾರಿಸಿದ 38 ಸೆಂಟಿಮೀಟರಿನ ದೂರದರ್ಶಕದಿಂದ ಕೆಲಸ ಆರಂಭವಾಯಿತು. 1972ರಲ್ಲಿ ಜರ್ಮನಿಯಿಂದ ತರಿಸಿದ ಒಂದು ಮೀಟರಿನ ಉಪಕರಣ ಬಂದಿತು.

1977ರ ಮಾರ್ಚ್ 10ರ ರಾತ್ರಿ ಯುರೇನಸ್ ಗ್ರಹ ತುಲಾ ರಾಶಿಯ ಒಂದು ನಕ್ಷತ್ರಕ್ಕೆ ಅಡ್ಡ ಬರುವುದೆಂದು ಮೊದಲೇ ಲೆಕ್ಕ ಕಟ್ಟಿದ್ದರು. ಕಾವಲೂರಿನಲ್ಲಿ ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಒಂದು ಮೀಟರಿನ ದೂರದರ್ಶಕವನ್ನು ಅದರ ಕಡೆ ತಿರುಗಿಸಿ ನಕ್ಷತ್ರದ ಬೆಳಕನ್ನು ಕ್ಷಣಕ್ಷಣಕ್ಕೂ ಅಳೆಯುತ್ತ ಕುಳಿತರು. ಗ್ರಹ ಇನ್ನೂ ದೂರವಿದೆ. ಆದರೂ ನಕ್ಷತ್ರದ ಬೆಳಕು ಫಕ್ಕನೆ ಕುಸಿದು ಕೆಲವು ಸೆಕೆಂಡುಗಳಲ್ಲಿ ಮತ್ತೆ ಮೊದಲಿನಂತಾಯಿತು! ಯಾವುದೋ ಉಪಗ್ರಹ ಅಡ್ಡ ಬಂದಿರಬೇಕೆಂದು ಮೊದಲಿಗೆ ತೋರಿತು. ಅದೇ ರಾತ್ರಿ ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿ ದೂರದರ್ಶಕವನ್ನು ಇಟ್ಟುಕೊಂಡು ಹಾರುತ್ತಿದ್ದ ಅಮೆರಿಕದ ಜೇಮ್ಸ್ ಎಲಿಯಟ್ ತಂಡಕ್ಕೆ ಗ್ರಹದ ಈಚೆ ಐದು ಸಲ, ಆಚೆ ಐದು ಸಲ ಬೆಳಕು ಕುಸಿದದ್ದು ಕಂಡಿತು. ಎರಡು ಕಡೆಯೂ ಸರಿಸಮನಾಗಿ ಬಂದರೆ ಅದು ಬಳೆಯಲ್ಲದೆ ಮತ್ತೇನು? ಶನಿಯಂತೆ ಯುರೇನಸ್ಸಿಗೂ ಉಂಗುರಗಳುಂಟೆಂದು ಜಗತ್ತಿಗೆ ತಿಳಿದದ್ದು ಹೀಗೆ. ಇದರಲ್ಲಿ ಗಮನಿಸಬೇಕಾದದ್ದೊಂದಿದೆ: ಉಂಗುರವನ್ನು ಆ ರಾತ್ರಿ ಯಾರೂ ‘ನೋಡಲಿಲ್ಲ’. ಎಷ್ಟು ಪಟ್ಟು ಹಿಗ್ಗಿಸಿದ್ದರೂ ಕಾಣುತ್ತಿರಲಿಲ್ಲ. ಹನಿ ಹನಿ ಬೆಳಕನ್ನು ಸರಿಯಾಗಿ ಎಣಿಸಿದ್ದರಿಂದ ಅದು ಸಿಕ್ಕಿತು.

ಬಾಪು ಅವರ ಮನಸ್ಸಿನಲ್ಲಿದ್ದದ್ದು ಇದಕ್ಕಿಂತ ದೊಡ್ಡದು. ಎರಡು ಮೀಟರಿಗೆ ಮೀರಿದ ದೂರದರ್ಶಕವನ್ನು ನಮ್ಮ ದೇಶದಲ್ಲಿಯೇ, ನಮ್ಮವರಿಂದಲೇ ಮಾಡಿಸಬೇಕು. ಹೊರಗಿನಿಂದ ಕೊಂಡು ತರುವುದು ಸುಲಭವಿತ್ತು. ಆದರೆ ಕೊಂಡು ತಂದರೆ ಯಂತ್ರ ಬರುತ್ತದೆ, ವಿದ್ಯೆ ಬರುವುದಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿಯೇ 2.34 ಮೀಟರಿನ ಆ ಕನ್ನಡಿಯನ್ನು ಉಜ್ಜಿ ನಯಗೊಳಿಸಿದರು. ಅದು ಆಕಾಶಕ್ಕೆ ಮುಖವೆತ್ತುವುದನ್ನು ನೋಡಲು ಬಾಪು ಉಳಿಯಲಿಲ್ಲ. 1982ರ ಆಗಸ್ಟಿನಲ್ಲಿ, 55 ವರ್ಷ ವಯಸ್ಸಿನಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ತೀರಿಕೊಂಡರು. 1986ರ ಜನವರಿ 6ರಂದು ಆ ದೂರದರ್ಶಕವನ್ನು ದೇಶಕ್ಕೆ ಅರ್ಪಿಸಿದಾಗ ವೀಕ್ಷಣಾಲಯಕ್ಕೂ ದೂರದರ್ಶಕಕ್ಕೂ ಅವರ ಹೆಸರನ್ನೇ ಇಟ್ಟರು.

ಕನ್ನಡಿ ಎಷ್ಟು ಚೆನ್ನಾಗಿದ್ದರೂ ಅದರ ಮೇಲೆ ಗಾಳಿಯ ಸಾಗರವೇ ಇದೆಯಲ್ಲ! ಒಲೆಯ ಮೇಲಿನ ಬಿಸಿಗಾಳಿಯಾಚೆಯ ಗೋಡೆ ನಡುಗಿದಂತೆ ಕಾಣುವುದನ್ನು ನೀವು ನೋಡಿದ್ದೀರಿ. ನಕ್ಷತ್ರ ಮಿನುಗುವುದೂ ಅದೇ ಕಾರಣದಿಂದ. ಪದ್ಯ ಬರೆಯುವವರಿಗೆ ಮಿನುಗು ಪ್ರಿಯ. ಖಗೋಳ ವಿಜ್ಞಾನಿಗೆ ಅದು ತಲೆನೋವು. ಆದುದರಿಂದಲೇ ಆದಷ್ಟು ಎತ್ತರಕ್ಕೆ, ಗಾಳಿ ತೆಳುವಾಗಿ ಒಣಗಿರುವ ಕಡೆಗೆ ಹತ್ತುತ್ತಾರೆ. ಲಡಾಖಿನ ಹಾನ್ಲೆ ಎಂಬಲ್ಲಿ ಸಮುದ್ರಮಟ್ಟದಿಂದ ಸುಮಾರು 4500 ಮೀಟರು ಎತ್ತರದಲ್ಲಿ ಎರಡು ಮೀಟರಿನ ದೂರದರ್ಶಕವೊಂದು 2000ದ ಸೆಪ್ಟೆಂಬರಿನಲ್ಲಿ ಕಣ್ಣು ತೆರೆಯಿತು. ಚಳಿ ಅಲ್ಲಿ ಮೂಳೆ ಕೊರೆಯುತ್ತದೆ, ಉಸಿರಿಗೆ ಗಾಳಿ ಸಾಲದು. ಅದನ್ನು ನಡೆಸುವ ವಿಜ್ಞಾನಿ ಕುಳಿತಿರುವುದು ಎಲ್ಲಿ ಗೊತ್ತೆ? ಬೆಂಗಳೂರಿನಿಂದ ಕೋಲಾರದ ಕಡೆಗೆ ಹೋಗುವಾಗ ಸಿಗುವ ನಮ್ಮ ಹೊಸಕೋಟೆಯಲ್ಲಿ. ಉಪಗ್ರಹದ ಸಂಪರ್ಕದ ಮೂಲಕ ಇಲ್ಲಿಂದ ಅಪ್ಪಣೆ ಹೋಗುತ್ತದೆ, ಹಿಮಾಲಯದಲ್ಲಿ ದೂರದರ್ಶಕ ತಿರುಗುತ್ತದೆ, ಚಿತ್ರ ಇಲ್ಲಿಗೆ ಬರುತ್ತದೆ. ಹಾನ್ಲೆಯ ಸುತ್ತಣ ಕತ್ತಲನ್ನು ಕಾಪಾಡಲೆಂದು 2022ರಲ್ಲಿ ಆ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಎಂದು ಘೋಷಿಸಿದ್ದಾರೆ. ಕಾಡಿಗೆ, ಹುಲಿಗೆ ಮೀಸಲು ಇರುವಂತೆ ಕತ್ತಲಿಗೂ ಒಂದು.

ಗಾಳಿಯನ್ನು ಪೂರಾ ಬಿಟ್ಟು ಹೋದವೂ ಉಂಟು. 1990ರಲ್ಲಿ ಹಾರಿದ ಹಬಲ್ ದೂರದರ್ಶಕದ ಕನ್ನಡಿ ಅಂಚಿನಲ್ಲಿ ಒಂದು ಮಿಲಿಮೀಟರಿನ ಸಾವಿರದ ಎರಡು ಪಾಲಿನಷ್ಟು ತಪ್ಪಾಗಿ ಉಜ್ಜಿಹೋಗಿ, ಚಿತ್ರಗಳು ಮಸುಕಾಗಿ ಬಂದು, 1993ರಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸಬೇಕಾಯಿತು. 2021ರ ಡಿಸೆಂಬರ್ 25ರಂದು ಹೊರಟ ಜೇಮ್ಸ್ ವೆಬ್ ದೂರದರ್ಶಕ ನಮ್ಮಿಂದ 15 ಲಕ್ಷ ಕಿಲೋಮೀಟರು ದೂರದಲ್ಲಿದೆ. ಚಿನ್ನದ ಲೇಪವಿರುವ ಹದಿನೆಂಟು ಷಟ್ಕೋನದ ತುಂಡುಗಳನ್ನು ಜೋಡಿಸಿದ ಅದರ ಕನ್ನಡಿಯ ಅಗಲ ಆರೂವರೆ ಮೀಟರು. ಅದು ಹಿಡಿದಿರುವ ಬೆಳಕಿನಲ್ಲಿ ಕೆಲವು ತಮ್ಮ ತಾರಾಲೋಕವನ್ನು ಬಿಟ್ಟು 1300 ಕೋಟಿ ವರ್ಷಗಳಿಗೂ ಹೆಚ್ಚಾಗಿದೆ. ಭೂಮಿ ಹುಟ್ಟಿ ಸುಮಾರು 450 ಕೋಟಿ ವರ್ಷ ಎನ್ನುತ್ತಾರೆ. ಎಂದರೆ ಆ ಬೆಳಕು ಹೊರಟಾಗ ಅದನ್ನು ಬರಮಾಡಿಕೊಳ್ಳಲು ಭೂಮಿಯೂ ಇರಲಿಲ್ಲ, ಸೂರ್ಯನೂ ಇರಲಿಲ್ಲ.

ಈವರೆಗೆ ಕಣ್ಣಿನ ಮಾತಾಯಿತು. ರೇಡಿಯೋ ಇಟ್ಟುಕೊಂಡವರಿಗೆ ಕಿವಿಯ ಮಾತನ್ನೂ ಹೇಳಬೇಡವೆ? ನಿಮ್ಮ ರೇಡಿಯೋದಲ್ಲಿ ಎರಡು ನಿಲಯಗಳ ನಡುವೆ ಮುಳ್ಳನ್ನು ನಿಲ್ಲಿಸಿದರೆ ‘ಸುಸ್’ ಎಂಬ ಸದ್ದು ಬರುತ್ತದೆ. 1931ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್ಸ್ಕಿ ಎಂಬ ತರುಣ ಎಂಜಿನಿಯರಿಗೆ ಇಂಥ ಸದ್ದಿನ ಮೂಲವನ್ನು ಹುಡುಕುವ ಕೆಲಸ ಒಪ್ಪಿಸಿದ್ದರು. ಸಾಗರದಾಚೆಗೆ ಮಾತನಾಡುವ ರೇಡಿಯೋ ಟೆಲಿಫೋನಿಗೆ ಅದು ಅಡ್ಡಿಯಾಗುತ್ತಿತ್ತು. ಹಳೆಯ ಫೋರ್ಡ್ ಮೋಟಾರಿನ ಚಕ್ರಗಳ ಮೇಲೆ ತಿರುಗುವ ದೊಡ್ಡ ಏರಿಯಲ್ಲನ್ನು ಕಟ್ಟಿ ಅವನು ಕಿವಿಗೊಟ್ಟ. ಹತ್ತಿರದ ಗುಡುಗು, ದೂರದ ಗುಡುಗು ಇವೆರಡೂ ಗುರುತಾದವು. ಮೂರನೆಯದೊಂದು ಮೆಲುಸದ್ದು ಮಾತ್ರ ದಿನಕ್ಕೊಮ್ಮೆ ಏರುತ್ತಿತ್ತು, ಆದರೆ ಪ್ರತಿದಿನವೂ ನಾಲ್ಕು ನಿಮಿಷ ಮುಂಚೆ. ಸೂರ್ಯನಿಂದ ಬಂದದ್ದಾಗಿದ್ದರೆ ಹಾಗಾಗದು. ನಾಲ್ಕು ನಿಮಿಷ ಮುಂಚೆ ಹುಟ್ಟುವುದು ನಕ್ಷತ್ರಗಳ ಪದ್ಧತಿ! ಸದ್ದು ಬರುತ್ತಿದ್ದುದು ಧನು ರಾಶಿಯ ಕಡೆಯಿಂದ, ನಮ್ಮ ಮೂಲಾ ನಕ್ಷತ್ರದ ಹತ್ತಿರದ ದಿಕ್ಕಿನಿಂದ. ಆಕಾಶಗಂಗೆಯ ಕೇಂದ್ರವಿರುವುದು ಅಲ್ಲಿ. 1933ರಲ್ಲಿ ಇದನ್ನು ಅವನು ಪ್ರಕಟಿಸಿದ. ತೊಂದರೆ ಎಂದು ಹುಡುಕಲು ಹೊರಟದ್ದು ಹೊಸ ವಿಜ್ಞಾನವಾಯಿತು.

ರೇಡಿಯೋ ದೂರದರ್ಶಕವೂ ಬೋಗುಣಿಯೇ. ಆದರೆ ಅಲೆ ಉದ್ದವಾದುದರಿಂದ ಬೋಗುಣಿ ಬಹಳ ದೊಡ್ಡದಿರಬೇಕು. ನಯವಾಗಿರಬೇಕಾದದ್ದಿಲ್ಲ, ತಂತಿಯ ಬಲೆಯೂ ನಡೆಯುತ್ತದೆ. ಊಟಿಯ ಬಳಿ ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ 1970ರಲ್ಲಿ ಸಿದ್ಧವಾದ ದೂರದರ್ಶಕ 530 ಮೀಟರು ಉದ್ದ, 30 ಮೀಟರು ಅಗಲ. ಅದರ ಚಾತುರ್ಯವಿರುವುದು ಜಾಗದ ಆಯ್ಕೆಯಲ್ಲಿ. ಊಟಿ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 11 ಡಿಗ್ರಿಯಲ್ಲಿ. ಅಷ್ಟೇ ಇಳಿಜಾರಾಗಿ ಉತ್ತರ ದಕ್ಷಿಣವಾಗಿ ಚಾಚಿದ ಬೆಟ್ಟದ ಮೈಯನ್ನು ಹುಡುಕಿ ಅದರ ಮೇಲೆ ಮಲಗಿಸಿದರು. ಭೂಮಿಯ ಅಕ್ಷಕ್ಕೆ ಸಮನಾದ ಅಚ್ಚು ಬೇಕೆಂದೆನಲ್ಲ, ಇಲ್ಲಿ ಬೆಟ್ಟವೇ ಅದನ್ನು ಒದಗಿಸಿಕೊಟ್ಟಿತು. ನಮ್ಮ ಗೌರೀಬಿದನೂರಿನ ಬಯಲಿನಲ್ಲಿಯೂ ಇನ್ನೂ ಉದ್ದದ ಅಲೆಗಳನ್ನು ಕೇಳುವ ಏರಿಯಲ್ಲುಗಳ ಸಾಲುಗಳುಂಟು. ಬಸ್ಸಿನಲ್ಲಿ ಹೋಗುವವರು ಯಾರದೋ ತೋಟದ ಬೇಲಿಯ ಕಂಬಗಳೆಂದುಕೊಂಡು ಹೋಗಿಬಿಡಬಹುದು.

ಇನ್ನು ಮನೆಯ ಮಾತು. ಮಕ್ಕಳು ದೂರದರ್ಶಕ ಬೇಕೆಂದು ಹಟ ಹಿಡಿದರೆ ಪಟ್ಟಿನ ಸಂಖ್ಯೆಗೆ ಮರುಳಾಗದಿರಿ. ಅದೇ ಹಣಕ್ಕೆ 50 ಮಿಲಿಮೀಟರು ಬಾಯಿಯ ದುರ್ಬೀನು ಸಿಕ್ಕಿದರೆ ಅದನ್ನೇ ಕೊಳ್ಳಿರಿ. ಕೈ ನಡುಗದಂತೆ ಮಹಡಿಯ ಗೋಡೆಗೆ ಊರಿ ಗುರುವನ್ನು ನೋಡಿದರೆ ಗೆಲಿಲಿಯೋ ಕಂಡ ಚುಕ್ಕೆಗಳು ಕಾಣುತ್ತವೆ. ಬರಿಗಣ್ಣಿಗೆ ಆರಾಗಿ ಕಾಣುವ ಕೃತ್ತಿಕೆ ಹತ್ತಾರು ಆಗುತ್ತದೆ. ಸೂರ್ಯನ ಕಡೆಗೆ ಮಾತ್ರ ಎಂದಿಗೂ ತಿರುಗಿಸಬೇಡಿರಿ. ಬೆಳಕು ಕೂಡಿಸುವ ಸಾಧನ ಬೆಂಕಿಯನ್ನೂ ಕೂಡಿಸುತ್ತದೆ, ಒಂದು ಕ್ಷಣದಲ್ಲಿ ಕಣ್ಣು ಹೋಗುತ್ತದೆ.

ಆಂಡ್ರೊಮೆಡಾ ನೋಡಬೇಕೆಂದಿದ್ದರೆ ನವೆಂಬರ್ ಡಿಸೆಂಬರ್ ತಿಂಗಳಿನ ಅಮಾವಾಸ್ಯೆಯ ಆಸುಪಾಸು ಒಳ್ಳೆಯದು. ರಾತ್ರಿ ಎಂಟರ ಸುಮಾರಿಗೆ ಊರ ದೀಪಗಳಿಂದ ಆಚೆ ಹೋಗಿರಿ. ಪೂರ್ವಾಭಾದ್ರ, ಉತ್ತರಾಭಾದ್ರಗಳ ನಾಲ್ಕು ನಕ್ಷತ್ರಗಳು ನೆತ್ತಿಯ ಸಮೀಪ ದೊಡ್ಡ ಚೌಕವಾಗಿ ನಿಂತಿರುತ್ತವೆ. ಅದರ ಈಶಾನ್ಯ ಮೂಲೆಯಿಂದ ಈಶಾನ್ಯಕ್ಕೇ ಹೊರಟ ಸಾಲಿನಲ್ಲಿ ಎರಡನೆಯ ನಕ್ಷತ್ರವನ್ನು ಹಿಡಿದು, ಅಲ್ಲಿಂದ ವಾಯವ್ಯದ ಕಡೆಗೆ ಎರಡು ಸಣ್ಣ ನಕ್ಷತ್ರಗಳನ್ನು ದಾಟಿದರೆ ಉಸಿರು ತಾಗಿದ ಗಾಜಿನ ಮಬ್ಬಿನಂಥ ಒಂದು ತುಣುಕು. ಬರಿಗಣ್ಣಿಗೆ ಕಾಣುತ್ತದೆ ಎಂದು ಮೊದಲು ಹೇಳಿದ್ದು ಇದನ್ನೇ. ದುರ್ಬೀನಿನಲ್ಲಿ ಉದ್ದುದ್ದ ಹರಡಿರುವುದು ತಿಳಿಯುತ್ತದೆ. ಹೋದ ಕೂಡಲೇ ಕಾಣಲಿಲ್ಲವೆಂದು ಹಿಂದಿರುಗಬೇಡಿರಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು. ಅಷ್ಟು ಹೊತ್ತು ಟಾರ್ಚನ್ನೂ ಟೆಲಿಫೋನನ್ನೂ ಜೇಬಿನಿಂದ ತೆಗೆಯದಿರಿ.